14 ಇಂಚಿನ ಹೊಸ ಬ್ಯಾಂಡ್‌ಸಾ: ಪೆಟ್ಟಿಗೆ ಬಿಚ್ಚಿದಲ್ಲಿಂದ ಮೊದಲ ಹಲಗೆ ಸೀಳುವ ತನಕ

ಹೊಸ ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಬಳೆಯಂಥ ಬ್ಲೇಡ್ ಓಡುವ ಗರಗಸ ಯಂತ್ರ) ಜೋಡಿಸಿದ ಕೂಡಲೇ ಒಂದು ಹಲಗೆ ಸೀಳಿ ನೋಡಿದರೆ, ಗರಗಸ ಗೆರೆ ಬಿಟ್ಟು ಓಡುವುದೇ ಹೆಚ್ಚು. ಆಗ ಎಲ್ಲರ ಕೈ ಮೊದಲು ಹೋಗುವುದು ಫೆನ್ಸಿಗೆ, ಅಂದರೆ ಮರವನ್ನು ಆನಿಸಿ ತಳ್ಳುವ ನೇರಪಟ್ಟಿಗೆ. ಗೊಂದಲ ಶುರುವಾಗುವುದೇ ಅಲ್ಲಿ. ಬ್ಲೇಡ್, ಟೆನ್ಷನ್ (ಬ್ಲೇಡಿನ ಬಿಗಿ), ಟ್ರ್ಯಾಕಿಂಗ್ (ಚಕ್ರದ ಮೇಲೆ ಬ್ಲೇಡ್ ಓಡುವ ಜಾಗ), ಗೈಡ್ (ಬ್ಲೇಡ್ ಅತ್ತಿತ್ತ ಸರಿಯದಂತೆ ತಡೆಯುವ ತುಂಡುಗಳು), ಟೇಬಲ್, ಎಲ್ಲಕ್ಕೂ ಕೊನೆಗೆ ಫೆನ್ಸ್: ಕೆಲಸ ಈ ಕ್ರಮದಲ್ಲೇ ಆಗಬೇಕು. ಟೆನ್ಷನ್ ಬದಲಾದರೆ ಟ್ರ್ಯಾಕಿಂಗ್ ಜರುಗುತ್ತದೆ, ಟ್ರ್ಯಾಕಿಂಗ್ ಜರುಗಿದರೆ ಗೈಡ್ ತಪ್ಪುತ್ತದೆ. ಹಿಂದುಮುಂದಾಗಿ ಮಾಡಿದವರು ಇಡೀ ದಿನ ಸ್ಕ್ರೂ ತಿರುಗಿಸುತ್ತಲೇ ಇರುತ್ತಾರೆ.

ಇಲ್ಲಿ ಹಿಡಿದಿರುವುದು ಎರಕದ ಕಬ್ಬಿಣದ ಚೌಕಟ್ಟಿನ 14 ಇಂಚಿನ ಮಾದರಿ. ಚಕ್ರದ ವ್ಯಾಸ 355 ಮಿ.ಮೀ., ಬ್ಲೇಡಿನ ಉದ್ದ 93.5 ಇಂಚು ಅಂದರೆ 2375 ಮಿ.ಮೀ., ಸೀಳಬಹುದಾದ ಎತ್ತರ ಸುಮಾರು 150 ಮಿ.ಮೀ., ಮೋಟಾರು 1 ಅಥವಾ 1.5 ಎಚ್‌ಪಿ. ಉಕ್ಕಿನ ತಗಡು ಬೆಸೆದು ಮಾಡಿದ ಚೌಕಟ್ಟಿನ ಯಂತ್ರಗಳಲ್ಲಿ ಅಳತೆಗಳು ಬೇರೆ, ಕ್ರಮ ಇದೇ.

ನಿಲ್ಲಿಸುವುದು ಮತ್ತು ಕರೆಂಟು

ಯಂತ್ರದ ತೂಕವೆಲ್ಲ ಮೇಲ್ಗಡೆ ಇದೆ. ಟೇಬಲ್ ಹಿಡಿದು ಎತ್ತಬಾರದು. ಟೇಬಲ್ಲನ್ನು ಹೊತ್ತ ಟ್ರನಿಯನ್ ಎರಕದ್ದು, ಅಡ್ಡ ಎಳೆತಕ್ಕೆ ಬಿರುಕು ಬಿಡುತ್ತದೆ. ಸ್ಟ್ಯಾಂಡಿನ ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಹಾಕಿ, ನಾಲ್ಕೂ ಕಾಲು ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿಯಬೇಕು. ಟೇಬಲ್ ಮೇಲಿನ ತುಕ್ಕುತಡೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಮೇಣ ತಿಕ್ಕಬೇಕು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಶೆಡ್ ಇದ್ದರೆ ಮಳೆಗಾಲದಲ್ಲಿ ಇದನ್ನು ಪದೇ ಪದೇ ಮಾಡಲೇಬೇಕು, ಎರಡು ರಾತ್ರಿಗೆ ತುಕ್ಕಿನ ಹೂವು ಮೂಡುತ್ತದೆ. ಸಿಲಿಕೋನ್ ಸ್ಪ್ರೇ ಬೇಡ. ಅದು ಮರಕ್ಕೆ ಹತ್ತಿದರೆ ಪಾಲಿಶ್ ಹಿಡಿಯುವುದಿಲ್ಲ.

1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಪೂರ್ತಿ ಹೊರೆಯಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. 16 ಆಂಪಿಯರ್ ಸಾಕೆಟ್, ಸಿ ಕರ್ವ್ ಎಂಸಿಬಿ (ಶುರುವಿನ ಆ ಎಳೆತಕ್ಕೆ ಬೀಳದ ಬ್ರೇಕರ್), ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ವೈರು ಹಾಕಲೇಬೇಕಾದರೆ 2.5 ಚದರ ಮಿ.ಮೀ.ಗಿಂತ ತೆಳುವಾದದ್ದು ಬೇಡ. ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರಾದರೆ ದಪ್ಪ ಮರ ಸೀಳುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಾರದು. ವೋಲ್ಟೇಜ್ ಇಳಿದಾಗ ಇಂಡಕ್ಷನ್ ಮೋಟಾರು ಅದೇ ಹೊರೆಗೆ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ.

ಇಲ್ಲಿಂದ ಮುಂದೆ ಹೇಳುವ ಎಲ್ಲ ಹೊಂದಿಕೆಯೂ ಪ್ಲಗ್ ಕಿತ್ತಿಟ್ಟೇ ಆಗಬೇಕು.

ಜೊತೆಗೆ ಬಂದ ಬ್ಲೇಡನ್ನು ಪಕ್ಕಕ್ಕಿಡಿ

ಪೆಟ್ಟಿಗೆಯಲ್ಲಿ ಯಂತ್ರದ ಜೊತೆ ಬರುವ ಬ್ಲೇಡ್ ಸಾಮಾನ್ಯವಾಗಿ ಅಗ್ಗದ್ದು. ಬೆಸುಗೆ ಉಬ್ಬಿರುತ್ತದೆ, ಹಲ್ಲುಗಳ ಎಡಬಲದ ಬಾಗು ಸಮ ಇರುವುದಿಲ್ಲ. ಒಂದು ಬದಿಯ ಹಲ್ಲು ಹೆಚ್ಚು ಬಾಗಿದ್ದರೆ ಬ್ಲೇಡ್ ಆ ಕಡೆಗೇ ಎಳೆಯುತ್ತದೆ. ಯಂತ್ರವನ್ನು ಎಷ್ಟು ಹೊಂದಿಸಿದರೂ ಇದು ಹೋಗುವುದಿಲ್ಲ. ಹೊಸ ಯಂತ್ರದ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಈ ಬ್ಲೇಡಿನವು. ಹಾಗಾಗಿ ಹಣ ಮಿಗಿಸುವುದಾದರೆ ಬೇರೆಲ್ಲಾದರೂ ಮಿಗಿಸಿ.

ಸಣ್ಣ ಕಾರ್ಯಾಗಾರಕ್ಕೆ ಮೂರು ಬ್ಲೇಡ್ ಸಾಕು. ದಪ್ಪ ಮರ ಸೀಳಲು 1/2 ಇಂಚು ಅಗಲದ, ಇಂಚಿಗೆ 3 ಹಲ್ಲಿನ ಹುಕ್ ಮಾದರಿ (ಹಲ್ಲು ಮುಂದಕ್ಕೆ ಕೊಕ್ಕೆಯಂತೆ ಬಾಗಿದ್ದು). ದಿನದ ಸಾಮಾನ್ಯ ಕೆಲಸಕ್ಕೆ 3/8 ಇಂಚು, ಇಂಚಿಗೆ 4 ಅಥವಾ 6 ಹಲ್ಲು. ತಿರುವುಗಳಿಗೆ 1/4 ಇಂಚು, ಇಂಚಿಗೆ 6 ಹಲ್ಲು. ಅಗಲ ಹೆಚ್ಚಿದಷ್ಟೂ ತಿರುವಿನ ತ್ರಿಜ್ಯ ಹೆಚ್ಚಬೇಕು: 1/4 ಇಂಚಿನ ಬ್ಲೇಡ್ ಸುಮಾರು 16 ಮಿ.ಮೀ. ತ್ರಿಜ್ಯದವರೆಗೆ ತಿರುಗುತ್ತದೆ, 1/2 ಇಂಚಿನದಕ್ಕೆ ಸುಮಾರು 63 ಮಿ.ಮೀ. ಬೇಕು. ಅದಕ್ಕಿಂತ ಬಿಗಿಯಾಗಿ ತಿರುಗಿಸಿದರೆ ಬ್ಲೇಡ್ ತಿರುಚಿಕೊಂಡು ಚಕ್ರದಿಂದ ಕಳಚುತ್ತದೆ, ಇಲ್ಲವೇ ಮುರಿಯುತ್ತದೆ.

ಹಲ್ಲಿನ ಎಣಿಕೆಗೆ ಮರದ ದಪ್ಪವೇ ಲೆಕ್ಕ. ಯಾವ ಕ್ಷಣದಲ್ಲೂ ಮರದೊಳಗೆ ಕನಿಷ್ಠ 3 ಹಲ್ಲು ಇರಬೇಕು, 6ರಿಂದ 12 ಇದ್ದರೆ ಚೆನ್ನ, 24 ದಾಟಬಾರದು. 150 ಮಿ.ಮೀ. ಎತ್ತರದ ಮರದಲ್ಲಿ ಇಂಚಿಗೆ 3 ಹಲ್ಲಿನ ಬ್ಲೇಡ್ ಹಾಕಿದರೆ 18 ಹಲ್ಲು ಒಳಗಿರುತ್ತವೆ, ಕೆಲಸ ನಡೆಯುತ್ತದೆ. ಅದೇ ಮರಕ್ಕೆ 14 ಹಲ್ಲಿನದನ್ನು ಹಾಕಿದರೆ 80ಕ್ಕೂ ಹೆಚ್ಚು ಹಲ್ಲು ಸಿಕ್ಕಿಕೊಂಡು, ಹಲ್ಲಿನ ಸಂದಿನ ಕುಳಿಗಳು ಪುಡಿಯಿಂದ ತುಂಬಿ, ಮರ ಸುಟ್ಟು ಬ್ಲೇಡ್ ಎತ್ತಲೋ ಹೋಗುತ್ತದೆ. "ನುಣ್ಣಗೆ ಬರಲಿ" ಎಂದು ಸಣ್ಣ ಹಲ್ಲಿನ ಬ್ಲೇಡ್ ಹಾಕಿ ದಪ್ಪ ಮರ ಸೀಳುವುದು ತೀರಾ ಸಾಮಾನ್ಯವಾದ ತಪ್ಪು.

ತೇಗದಲ್ಲಿ ಸಿಲಿಕಾ ಇದೆ. ಸಾಧಾರಣ ಕಾರ್ಬನ್ ಸ್ಟೀಲ್ ಹಲ್ಲು ಅದರಲ್ಲಿ ಬೇಗ ಮೊಂಡಾಗುತ್ತದೆ. ತೇಗವನ್ನೇ ಹೆಚ್ಚು ಸೀಳುವವರು ಬೈಮೆಟಲ್ (ಬೆನ್ನಿಗೊಂದು, ಹಲ್ಲಿಗೊಂದು ಬಗೆಯ ಉಕ್ಕು ಬೆಸೆದ) ಬ್ಲೇಡಿಗೆ ಹೋಗುವುದು ಲಾಭ. ಸಿಲ್ವರ್ ಓಕ್, ಮಾವು, ಆಟಿಕೆಯವರು ಬಳಸುವ ಆಲೆಮರಕ್ಕೆಲ್ಲ ಕಾರ್ಬನ್ ಸ್ಟೀಲೇ ಸಾಕು. ಹಲಸಿನಲ್ಲಿ ಮೇಣದ ಕಾಟ ಇದೆ, ಅದು ಮುಂದೆ ಬರುತ್ತದೆ.

ಕೈಪಿಡಿ ಇಲ್ಲದ ಯಂತ್ರಕ್ಕೆ ಬ್ಲೇಡಿನ ಉದ್ದ ಕಂಡುಹಿಡಿಯುವುದು ಸುಲಭ. ಮೇಲಿನ ಚಕ್ರವನ್ನು ಅದರ ಏರಿಳಿತದ ನಡುಮಧ್ಯಕ್ಕೆ ತಂದು, ಎರಡು ಚಕ್ರಗಳ ಕೇಂದ್ರದ ನಡುವಿನ ಅಂತರ ಅಳೆದು, ಎರಡರಿಂದ ಗುಣಿಸಿ, ಅದಕ್ಕೆ ಚಕ್ರದ ಸುತ್ತಳತೆ ಕೂಡಿಸಬೇಕು. ಈ ಯಂತ್ರದಲ್ಲಿ ಕೇಂದ್ರಾಂತರ 630 ಮಿ.ಮೀ.: 1260ಕ್ಕೆ 1115 ಸೇರಿದರೆ 2375. ರೋಲಿನಿಂದ ಕತ್ತರಿಸಿ ಬೆಸೆಸುವಾಗ ಬೆಸುಗೆಯ ಎರಡೂ ಮುಖ ನಯವಾಗಿ ಉಜ್ಜಿದ್ದಾರೆಯೇ, ಬೆನ್ನು ಒಂದೇ ನೇರದಲ್ಲಿದೆಯೇ ಎಂದು ಅಲ್ಲೇ ಬೆರಳಾಡಿಸಿ ನೋಡಿ ತರುವುದು ಒಳ್ಳೆಯದು. ಉಬ್ಬಿದ್ದರೆ ಪ್ರತಿ ಸುತ್ತಿಗೂ "ಟಕ್" ಎಂದು ಗೈಡಿಗೆ ಬಡಿಯುತ್ತದೆ.

ಟೆನ್ಷನ್

ಮೊದಲು ಮೇಲಿನ, ಕೆಳಗಿನ ಗೈಡುಗಳನ್ನೂ ಬ್ಲೇಡಿನ ಬೆನ್ನಿಗೆ ಆಸರೆಯಾಗುವ ಥ್ರಸ್ಟ್ ಬೇರಿಂಗುಗಳನ್ನೂ ಪೂರ್ತಿ ಹಿಂದಕ್ಕೆ ಸರಿಸಬೇಕು. ಟೇಬಲ್ಲಿನ ಸೀಳಿನಲ್ಲಿರುವ ಪಿನ್ ತೆಗೆದು, ಬ್ಲೇಡನ್ನು ಅದರಲ್ಲಿ ತೂರಿಸಿ, ಹಲ್ಲು ನಿಮ್ಮ ಕಡೆಗೆ, ತುದಿ ಕೆಳಮುಖವಾಗಿ ಇರುವಂತೆ ಚಕ್ರಗಳ ಮೇಲೆ ಕೂರಿಸಬೇಕು. ಹಲ್ಲು ಮೇಲ್ಮುಖ ಬಂದರೆ ಬ್ಲೇಡನ್ನು ಒಳಹೊರಗು ಮಗುಚಬೇಕು. ಪಿನ್ನನ್ನು ಮತ್ತೆ ಹಾಕುವುದು ಮರೆಯಬಾರದು, ಸೀಳಿನ ಎರಡು ಬದಿಯ ಟೇಬಲ್ ಒಂದೇ ಮಟ್ಟದಲ್ಲಿ ನಿಲ್ಲುವುದು ಅದರಿಂದಲೇ.

ಯಂತ್ರದ ಮೇಲಿನ ಟೆನ್ಷನ್ ಮಾಪಕ ಅಂದಾಜಿನದ್ದು. ಅದು ತೋರಿಸುವುದು ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂಬುದನ್ನು, ಬ್ಲೇಡಿನಲ್ಲಿ ಎಷ್ಟು ಬಿಗಿ ಇದೆ ಎಂಬುದನ್ನಲ್ಲ. ಖರ್ಚಿಲ್ಲದೆ ನಿಜವಾದ ಬಿಗಿ ಅಳೆಯುವ ದಾರಿ ಒಂದಿದೆ. ಬ್ಲೇಡ್ ಸಡಿಲ ಹೋಗಿ ನೇರವಾಗುವಷ್ಟು ಮಾತ್ರ ಬಿಗಿ ಮಾಡಿ, ಡಿಜಿಟಲ್ ಕ್ಯಾಲಿಪರಿನ ಎರಡು ದವಡೆಗಳನ್ನು 150 ಮಿ.ಮೀ. ಅಂತರದಲ್ಲಿ ಪುಟ್ಟ ಕ್ಲ್ಯಾಂಪುಗಳಿಂದ ಬ್ಲೇಡಿಗೆ ಹಿಡಿಸಿ, ಸೊನ್ನೆಗೆ ತರಬೇಕು. ಕ್ಯಾಲಿಪರಿನ ಜಾರುವ ದವಡೆಯ ಬೀಗ ಸಡಿಲ ಇರಬೇಕು. ಈಗ ಟೆನ್ಷನ್ ಏರಿಸುತ್ತ ಹೋದಂತೆ ಬ್ಲೇಡ್ ಹಿಗ್ಗುವುದು ಅಂಕಿಯಲ್ಲಿ ಕಾಣುತ್ತದೆ. ಉಕ್ಕಿನ ಸ್ಥಿತಿಸ್ಥಾಪಕತೆ 200 ಗಿಗಾಪ್ಯಾಸ್ಕಲ್ ಎಂದಿಟ್ಟುಕೊಂಡರೆ, 150 ಮಿ.ಮೀ.ನಲ್ಲಿ 0.07ರಿಂದ 0.08 ಮಿ.ಮೀ. ಹಿಗ್ಗಿದಾಗ ಬಿಗಿ 100 ಮೆಗಾಪ್ಯಾಸ್ಕಲ್, ಬ್ಲೇಡ್ ತಯಾರಕರ ಭಾಷೆಯಲ್ಲಿ ಸುಮಾರು 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕಾರ್ಬನ್ ಸ್ಟೀಲ್ ಬ್ಲೇಡಿಗೆ 15,000ದಿಂದ 20,000 ಸರಿ, ಬೈಮೆಟಲ್ ಇನ್ನೂ ಹೆಚ್ಚು ಕೇಳುತ್ತದೆ. ಒಮ್ಮೆ ಹೀಗೆ ಅಳೆದು ಯಂತ್ರದ ಮಾಪಕದ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡರೆ, ಆ ಅಗಲದ ಬ್ಲೇಡಿಗೆ ಮತ್ತೆ ಅಳೆಯುವ ಗೋಜಿಲ್ಲ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಯಂತ್ರದ ಮಿತಿ ತಿಳಿಯುತ್ತದೆ. 12.7 ಮಿ.ಮೀ. ಅಗಲ, 0.64 ಮಿ.ಮೀ. ದಪ್ಪದ ಬ್ಲೇಡಿನ ಅಡ್ಡಕೊಯ್ತ ಸುಮಾರು 8 ಚದರ ಮಿ.ಮೀ. 100 ಮೆಗಾಪ್ಯಾಸ್ಕಲ್ ಬಿಗಿಯಲ್ಲಿ ಒಂದು ಎಳೆಗೆ 800 ನ್ಯೂಟನ್‌ಗೂ ತುಸು ಹೆಚ್ಚು. ಎಳೆ ಎರಡು, ಅಂದರೆ ಮೇಲಿನ ಚಕ್ರದ ಮೇಲೆ 165 ಕಿಲೊ ತೂಕದಷ್ಟು ಎಳೆತ. 3/4 ಇಂಚಿನ ಬ್ಲೇಡ್ ಹಾಕಿದರೆ ಅದು 250 ಕಿಲೊ ಮುಟ್ಟುತ್ತದೆ, ಬೈಮೆಟಲ್ ಆದರೆ 400 ದಾಟುತ್ತದೆ. ಎರಕದ 14 ಇಂಚಿನ ಚೌಕಟ್ಟು ಅಷ್ಟಕ್ಕೆ ಬಾಗುತ್ತದೆ, ಸ್ಪ್ರಿಂಗ್ ಪೂರ್ತಿ ಒತ್ತಿ ಕಲ್ಲಾಗುತ್ತದೆ. ಜಾಹೀರಾತಿನಲ್ಲಿ "3/4 ಇಂಚಿನವರೆಗೆ" ಎಂದಿದ್ದರೂ ಈ ಯಂತ್ರಕ್ಕೆ 1/2 ಇಂಚೇ ತಕ್ಕ ಮೇಲ್ಮಿತಿ. ಸರಿಯಾದ ಬಿಗಿಯಲ್ಲಿರುವ 1/2 ಇಂಚು, ಅರೆಬಿಗಿಯ 3/4 ಇಂಚಿಗಿಂತ ನೇರವಾಗಿ ಸೀಳುತ್ತದೆ.

ಕ್ಯಾಲಿಪರ್ ಇಲ್ಲದಿದ್ದರೆ ಬೆರಳಿನ ಪರೀಕ್ಷೆ: ಮೇಲಿನ ಗೈಡನ್ನು ಟೇಬಲ್ಲಿನಿಂದ 150 ಮಿ.ಮೀ. ಎತ್ತರಿಸಿ, ಬ್ಲೇಡಿನ ಬದಿಯನ್ನು ಬೆರಳಿನಿಂದ ಹದವಾಗಿ ಒತ್ತಿದಾಗ 6 ಮಿ.ಮೀ.ಗಿಂತ ಹೆಚ್ಚು ಬಾಗಬಾರದು. "ಹದವಾಗಿ" ಅನ್ನುವುದು ಒಬ್ಬೊಬ್ಬರ ಬೆರಳಿಗೆ ಒಂದೊಂದು ಅನ್ನುವುದೇ ಇದರ ತೊಡಕು.

ಟ್ರ್ಯಾಕಿಂಗ್

ಈ ಚಕ್ರಗಳ ರಬ್ಬರ್ ಪಟ್ಟಿ ನಡುವೆ ಉಬ್ಬಿದೆ. ಬ್ಲೇಡ್ ಆ ಉಬ್ಬನ್ನು ಹತ್ತಿ ನಿಲ್ಲುವ ಸ್ವಭಾವದ್ದು. ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಹಿಂದಿನ ಟ್ರ್ಯಾಕಿಂಗ್ ಗುಬ್ಬಿಯನ್ನು (ತಿರುಗಿಸುವ ಹಿಡಿಕೆ) ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರೆ ಬ್ಲೇಡ್ ಹಿಂದೆ ಮುಂದೆ ಸರಿಯುವುದು ಕಾಣುತ್ತದೆ. ತುಂಬ ಕೈಪಿಡಿಗಳು ಬ್ಲೇಡಿನ ನಡುವನ್ನು ಚಕ್ರದ ನಡುವಿಗೆ ತರಲು ಹೇಳುತ್ತವೆ. 1/4 ಇಂಚಿನದಕ್ಕೆ ಅದು ಸಾಕು. 1/2 ಇಂಚಿನದಕ್ಕೆ ಹಲ್ಲಿನ ಕುಳಿಯ ಆಳದ ಬಿಂದು ಚಕ್ರದ ಉಬ್ಬಿನ ನೆತ್ತಿಗೆ ಬರುವಂತೆ ಹೊಂದಿಸಿದರೆ ಫಲ ಚೆನ್ನಾಗಿ ಬರುತ್ತದೆ. ಉಬ್ಬಿನ ಇಳಿಜಾರಿನಲ್ಲಿ ಕೂತ ಬ್ಲೇಡ್ ಕೊಂಚ ಓರೆಯಾಗಿ ನೋಡುತ್ತದೆ. ಬಿಗಿ ಅತಿ ಹೆಚ್ಚು ಇರುವುದು ನೆತ್ತಿಯ ಮೇಲೆ, ಆ ಬಿಗಿ ಹಲ್ಲಿನ ಬುಡಕ್ಕೇ ಸಿಕ್ಕರೆ ಕೊಯ್ಯುವ ಅಂಚು ಅತ್ತಿತ್ತ ಅಲುಗುವುದಿಲ್ಲ. ಚಪ್ಪಟೆ ಪಟ್ಟಿಯ ಕೆಲವು ಯುರೋಪಿನ ಯಂತ್ರಗಳಿಗೆ ಇದು ಹೊಂದುವುದಿಲ್ಲ, ಅಲ್ಲಿ ಹಲ್ಲು ಚಕ್ರದ ಮುಂಚೂಣಿಯಿಂದ ಹೊರಚಾಚಿರಬೇಕು.

ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿದರೂ ಬ್ಲೇಡ್ ಜಾಗ ಬಿಡದಿದ್ದರೆ, ಬಾಗಿಲು ಮುಚ್ಚಿ, ಪ್ಲಗ್ ಹಾಕಿ, ಒಂದು ಕ್ಷಣ ಸ್ವಿಚ್ ಒತ್ತಿ ಬಿಟ್ಟು ನೋಡಿ. ಆಮೇಲೆ ಗುಬ್ಬಿಯ ಲಾಕ್‌ನಟ್ ಬಿಗಿಯಿರಿ.

ಎರಡು ಚಕ್ರಗಳೂ ಒಂದೇ ಸಮತಲದಲ್ಲಿರಲೇಬೇಕು ಎಂದು ವಾಷರ್ ಹಾಕಿ ಒದ್ದಾಡುವವರಿದ್ದಾರೆ. ಬ್ಲೇಡ್ ನೆಟ್ಟಗೆ ನಿಲ್ಲುತ್ತಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಗುಬ್ಬಿಯನ್ನು ಕೊನೆಮುಟ್ಟ ತಿರುಗಿಸಿದರೂ ಬ್ಲೇಡ್ ನಡುವಿಗೆ ಬಾರದಿದ್ದರೆ ಮಾತ್ರ, ಪೂರ್ತಿ ಟೆನ್ಷನ್ನಿನಲ್ಲೇ, ಉದ್ದನೆಯ ನೇರಪಟ್ಟಿಯನ್ನು ಎರಡು ಚಕ್ರಗಳ ಅಂಚಿಗೆ ಹಿಡಿದು ನೋಡಬೇಕು. ಟೆನ್ಷನ್ ಇಲ್ಲದೆ ಅಳೆದರೆ ಚೌಕಟ್ಟಿನ ಬಾಗು ಲೆಕ್ಕಕ್ಕೆ ಬರುವುದಿಲ್ಲ.

ಗೈಡುಗಳು

ಮೊದಲು ಗೈಡ್ ಕಂಬವನ್ನು ಮೇಲೆ ಕೆಳಗೆ ಆಡಿಸಿ, ಅದು ಬ್ಲೇಡಿಗೆ ಸಮಾಂತರವಾಗಿ ಇಳಿಯುತ್ತದೆಯೇ ನೋಡಬೇಕು. ಅಗ್ಗದ ಯಂತ್ರಗಳಲ್ಲಿ ಇದು ಓರೆ ಇರುತ್ತದೆ. ಹಾಗಿದ್ದರೆ ಎತ್ತರ ಬದಲಿಸಿದಾಗಲೆಲ್ಲ ಗೈಡನ್ನೂ ಮತ್ತೆ ಹೊಂದಿಸಬೇಕು.

ಥ್ರಸ್ಟ್ ಬೇರಿಂಗ್ ಬ್ಲೇಡಿನ ಬೆನ್ನಿಗಿಂತ 0.4 ಮಿ.ಮೀ.ನಷ್ಟು ಹಿಂದಿರಲಿ. ಖಾಲಿ ಓಡುವಾಗ ಅದು ತಿರುಗಬಾರದು, ಮರ ಒತ್ತಿದಾಗ ತಿರುಗಬೇಕು. ಬದಿಯ ಗೈಡುಗಳಿಗೆ ಒಂದು ಕಾಗದದ ದಪ್ಪದಷ್ಟು, ಅಂದರೆ 0.1 ಮಿ.ಮೀ. ಸಂದು. ನೋಟ್‌ಬುಕ್ ಹಾಳೆಯ ತುಂಡನ್ನು ಎರಡೂ ಬದಿ ಇಟ್ಟು, ಗೈಡನ್ನು ತಾಗಿಸಿ ಬಿಗಿದು, ಕಾಗದ ಎಳೆದು ತೆಗೆದರಾಯಿತು. ಗೈಡಿನ ಮುಂಭಾಗ ಹಲ್ಲಿನ ಕುಳಿಗಿಂತ ಹಿಂದಿರಬೇಕು. ಮರ ಒತ್ತಿದಾಗ ಬ್ಲೇಡ್ ಥ್ರಸ್ಟ್ ಬೇರಿಂಗಿಗೆ ಆತುಕೊಳ್ಳುವಷ್ಟು ಹಿಂದೆ ಹೋದರೂ ಹಲ್ಲು ಗೈಡನ್ನು ಮುಟ್ಟಬಾರದು. ಮುಟ್ಟಿದರೆ ಒಂದೇ ಸುತ್ತಿಗೆ ಹಲ್ಲಿನ ಬಾಗು ಹೋಯಿತು, ಬ್ಲೇಡೂ ಹೋಯಿತು.

ಟೇಬಲ್ ಕೆಳಗಿನ ಗೈಡ್ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಹೆಚ್ಚಿನವರು ಅದನ್ನು ಬಿಟ್ಟೇಬಿಡುತ್ತಾರೆ. ಮೇಲಿನದು ಎಷ್ಟು ಮುಖ್ಯವೋ ಅದೂ ಅಷ್ಟೇ ಮುಖ್ಯ. ಪುಡಿ ಸೇರಿ ಮೊದಲು ಜಾಮ್ ಆಗುವುದೂ ಅದೇ.

1/8 ಇಂಚಿನ ಸಣ್ಣ ಬ್ಲೇಡಿಗೆ ಉಕ್ಕಿನ ಗೈಡ್ ಆಗದು, ಹಲ್ಲು ಹಿಸುಕಿಹೋಗುತ್ತದೆ. ಗೈಡ್ ಬ್ಲಾಕುಗಳನ್ನು ತೆಗೆದು ಅದೇ ಅಳತೆಗೆ ಹುಣಸೆಮರದ ಕಡ್ಡಿ ಕೆತ್ತಿ, ಎಣ್ಣೆಯಲ್ಲಿ ನೆನೆಸಿ ಹಾಕಬಹುದು. ಮರದ ಗೈಡನ್ನು ಬ್ಲೇಡಿಗೆ ತಾಗಿಸಿಯೇ ಇಡಬಹುದು. ಸವೆದಾಗ ತುದಿಯನ್ನು ನೇರ ಕೊಯ್ದು ಮತ್ತೆ ಹಾಕಿದರಾಯಿತು.

ಟೇಬಲ್, ನಡುಕ

ಮೂಲೆಮಟ್ಟ ಹಿಡಿದು ಬ್ಲೇಡಿಗೆ ಟೇಬಲ್ಲನ್ನು 90 ಡಿಗ್ರಿಗೆ ತಂದು ಅಡಿಯ ಸ್ಟಾಪ್ ಬೋಲ್ಟನ್ನು ಬಿಗಿಯಬೇಕು. ಮೂಲೆಮಟ್ಟದ ಅಲಗು ಹಲ್ಲಿನ ಬಾಗಿಗೆ ತಾಗದೆ ಬ್ಲೇಡಿನ ಮೈಗೆ ತಾಗಿರಲಿ. ಖಚಿತಪಡಿಸಿಕೊಳ್ಳಲು 75 ಮಿ.ಮೀ. ದಪ್ಪದ ತುಂಡೊಂದನ್ನು ಅಡ್ಡ ಕೊಯ್ದು, ಒಂದು ಭಾಗವನ್ನು ಮಗುಚಿ ಕೊಯ್ದ ಮುಖಗಳನ್ನು ಸೇರಿಸಿ ಟೇಬಲ್ ಮೇಲೆ ನಿಲ್ಲಿಸಿ. ಸಂದು ಕಂಡರೆ, ನಿಜವಾದ ತಪ್ಪು ಅದರ ಅರ್ಧ.

ಟೇಬಲ್ ಮೇಲೆ ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಯಂತ್ರ ಓಡಿಸಿ. ಬಿದ್ದರೆ ಮೊದಲು ಬೆಲ್ಟ್ ನೋಡಿ. ಸಾಗಣೆಯಲ್ಲಿ ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ವಿ ಬೆಲ್ಟ್ ಮಡಿಕೆ ಹಿಡಿದಿರುತ್ತದೆ, ಅರ್ಧ ಗಂಟೆ ಖಾಲಿ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗದಿದ್ದರೆ ಪುಲ್ಲಿಗಳ ನೇರ, ಪುಲ್ಲಿಯ ಗ್ರಬ್ ಸ್ಕ್ರೂ, ಆಮೇಲೆ ಚಕ್ರದ ಸಮತೋಲ. ಬೆಲ್ಟ್ ತೆಗೆದು ಮೋಟಾರ್ ಮಾತ್ರ ಓಡಿಸಿದರೆ ನಡುಕ ಎಲ್ಲಿಯದು ಎಂದು ಬೇಗ ಗೊತ್ತಾಗುತ್ತದೆ.

ಈಗ ಫೆನ್ಸ್

20 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 600 ಮಿ.ಮೀ. ಉದ್ದದ ನೇರ ಹಲಗೆಯ ಮೇಲೆ ಅಂಚಿಗೆ ಸಮಾಂತರವಾಗಿ ಗೆರೆ ಎಳೆಯಬೇಕು. ಫೆನ್ಸ್ ಇಲ್ಲದೆ, ಬರಿಗೈಯಲ್ಲಿ, ಗೆರೆ ಬಿಡದಂತೆ ಅರ್ಧದವರೆಗೆ ಸೀಳಿ, ಹಲಗೆಯನ್ನು ಅಲುಗಿಸದೆ ಯಂತ್ರ ನಿಲ್ಲಿಸಬೇಕು. ಈಗ ಹಲಗೆಯ ಅಂಚು ಟೇಬಲ್ ಮೇಲೆ ಎಷ್ಟು ಓರೆ ನಿಂತಿದೆಯೋ ಅದೇ ಈ ಬ್ಲೇಡಿನ ಡ್ರಿಫ್ಟ್. ಹೊಸ ಬ್ಲೇಡ್, ಮೇಲಿನಂತೆ ಟ್ರ್ಯಾಕಿಂಗ್ ಆಗಿದ್ದರೆ ಓರೆ ಬಹುತೇಕ ಇರುವುದಿಲ್ಲ. ಇದ್ದರೆ ಟ್ರ್ಯಾಕಿಂಗ್ ಗುಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡಿ. ಪ್ರತಿ ಬ್ಲೇಡಿಗೂ ಒಂದೇ ಕಡೆಗೆ ಒಂದೇ ಅಳತೆಯ ಓರೆ ಬರುತ್ತಿದ್ದರೆ ಟೇಬಲ್ಲೇ ತಿರುಗಿ ಕೂತಿದೆ. ಟ್ರನಿಯನ್ ಬೋಲ್ಟ್ ಸಡಿಲಿಸಿ, ಮೈಟರ್ ಗಾಡಿ (ಟೇಬಲ್ ಮೇಲಿನ ಉದ್ದ ಕಾಲುವೆ) ಬ್ಲೇಡಿಗೆ ಸಮಾಂತರವಾಗುವಂತೆ ಟೇಬಲ್ಲನ್ನು ತಿರುಗಿಸಬೇಕು. ಇಷ್ಟಾದ ಮೇಲೂ ಉಳಿದದ್ದಕ್ಕಷ್ಟೇ ಫೆನ್ಸನ್ನು ಓರೆ ಮಾಡುವುದು.

ಮೊದಲ ಸೀಳು: 25 ಮಿ.ಮೀ. ತೇಗದಿಂದ 3 ಮಿ.ಮೀ. ಹಾಳೆಗಳು

ಹಲಗೆಯ ಒಂದು ಮುಖ, ಒಂದು ಅಂಚು ಮೊದಲೇ ತೋಪಡಾ (ಉಜ್ಜುಗೊರಡು) ಹೊಡೆದು ಮೂಲೆಗೆ ಬಂದಿರಬೇಕು. ಮುಖ ಫೆನ್ಸಿಗೆ, ಅಂಚು ಟೇಬಲ್ಲಿಗೆ. ಫೆನ್ಸಿಗೆ ಹಲಗೆಯ ಎತ್ತರದಷ್ಟೇ ಎತ್ತರದ ಪ್ಲೈವುಡ್ ಮುಖವೊಂದನ್ನು ಕಟ್ಟಬೇಕು. ಗೈಡನ್ನು ಹಲಗೆಯಿಂದ 6ರಿಂದ 10 ಮಿ.ಮೀ. ಮೇಲೆ ನಿಲ್ಲುವಂತೆ ಇಳಿಸಿ. ಬ್ಲೇಡ್ ತಿನ್ನುವ ಅಗಲ ಸುಮಾರು 1.2 ಮಿ.ಮೀ., ತೋಪಡಾಕ್ಕೆ 0.8 ಬಿಟ್ಟರೆ, ಒಂದು ಹಾಳೆಗೆ 5 ಮಿ.ಮೀ., ಒಟ್ಟು ಐದು ಹಾಳೆ. 3 ಮಿ.ಮೀ. ತಿನ್ನುವ ಸರ್ಕ್ಯುಲರ್ ಗರಗಸದಲ್ಲಿ ಮೂರೋ ನಾಲ್ಕೋ ಸಿಕ್ಕಾವು.

ಹೊಸ ಬ್ಲೇಡನ್ನು ಮೊದಲ ಕೆಲವು ಅಡಿ ಅರ್ಧ ವೇಗದಲ್ಲಿ ತಳ್ಳಬೇಕು, ಹರಿತ ತುದಿ ಒಮ್ಮೆಗೇ ಉದುರದಂತೆ. ಆಮೇಲೆ ಕಿವಿಗೆ ಬಿಡಿ: ಮೋಟಾರಿನ ದನಿ ಇಳಿಯತೊಡಗಿದರೆ ತಳ್ಳುವುದು ಹೆಚ್ಚಾಯಿತು. ಕೊನೆಯ 100 ಮಿ.ಮೀ. ಉಳಿದಾಗ ಕೈ ತೆಗೆದು ತಳ್ಳುಕಡ್ಡಿ ಹಿಡಿಯಿರಿ. ಪ್ರತಿ ಹಾಳೆ ಬಂದ ಮೇಲೆ ಹಲಗೆಯ ಹೊಸ ಮುಖಕ್ಕೆ ಮತ್ತೆ ತೋಪಡಾ. ಬಂದ ಹಾಳೆಗಳನ್ನು ನಡುವೆ ಪಟ್ಟಿ ಇಟ್ಟು ಪೇರಿಸಿ ಮೇಲೆ ಭಾರ ಹೇರಬೇಕು. ದಪ್ಪ ಹಲಗೆಯ ಒಳಗಿನ ತೇವ ಒಮ್ಮೆಗೇ ಗಾಳಿಗೆ ಬಿದ್ದರೆ ಹಾಳೆ ದೋಣಿಯಾಗುತ್ತದೆ.

ಸೀಳಿದ ಮುಖ ಮಧ್ಯದಲ್ಲಿ ಹೊಟ್ಟೆ ಬಂದಂತೆ ಉಬ್ಬಿದ್ದರೆ ಕಾರಣ ಮೂರರಲ್ಲಿ ಒಂದು: ಮೊಂಡು ಬ್ಲೇಡ್, ಸಾಲದ ಟೆನ್ಷನ್, ಅವಸರದ ಕೈ. ಮೊದಲು ಮೊಂಡನ್ನೇ ಅನುಮಾನಿಸಿ. ಬೇರಿಂಗ್ ಕಿರುಚಿದರೆ ಅದು ಬ್ಲೇಡಿಗೆ ಸದಾ ತಾಗುತ್ತಿದೆ. ಅರ್ಧ ಕೊಯ್ದ ಮರವನ್ನು ಹಿಂದಕ್ಕೆ ಎಳೆಯಬೇಕಾದರೆ ಯಂತ್ರ ನಿಲ್ಲಿಸಿಯೇ ಎಳೆಯಬೇಕು, ಓಡುತ್ತಿರುವಾಗ ಎಳೆದರೆ ಬ್ಲೇಡ್ ಚಕ್ರದಿಂದ ಮುಂದಕ್ಕೆ ಕಳಚಿ ಬರುತ್ತದೆ. ದುಂಡು ಕೊಂಬೆಯನ್ನು ವಿ ಆಕಾರದ ತೊಟ್ಟಿಲಿಲ್ಲದೆ ಕೊಯ್ಯಬಾರದು. ಬ್ಲೇಡ್ ಅದನ್ನು ಉರುಳಿಸಿ ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಕೈಗವಸೂ ಬೇಡ. ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಮಾಸ್ಕ್ ಮತ್ತು ಉದ್ದ ತೋಳು ಇರಲಿ.

ಸಲೀಸು ತಿರುವಿಗೆ ಬ್ಲೇಡಿನ ಬೆನ್ನಿನ ಎರಡು ಚೂಪು ಅಂಚನ್ನು ದುಂಡಾಗಿಸುವುದು ಸಣ್ಣ ಕೆಲಸ, ದೊಡ್ಡ ಲಾಭ. ಬ್ಲೇಡ್ ಓಡುತ್ತಿರುವಾಗ ಸಾಣೆಕಲ್ಲನ್ನು ಟೇಬಲ್ ಮೇಲೆ ಆನಿಸಿ ಹಿಂದಿನ ಮೂಲೆಗಳಿಗೆ ಓರೆಯಾಗಿ ಹಿಡಿದರೆ ಎರಡು ಮೂರು ನಿಮಿಷ ಸಾಕು. ಕಿಡಿ ಹಾರುತ್ತದೆ, ಕೆಳಗಿನ ಚಕ್ರದ ಗೂಡಿನಲ್ಲಿರುವ ಪುಡಿಯನ್ನು ಮೊದಲೇ ಗುಡಿಸಿ ತೆಗೆದು, ಡಸ್ಟ್ ಕಲೆಕ್ಟರ್ ಆರಿಸಿಟ್ಟೇ ಇದನ್ನು ಮಾಡಬೇಕು.

ಮುಂದಿನ ಪಾಲನೆ

ಹಲಸು ಕೊಯ್ದ ಮೇಲೆ ಹಲ್ಲಿನ ಕುಳಿಯಲ್ಲಿ ಮೇಣ ಗಟ್ಟಿಯಾಗುತ್ತದೆ. ಆ ಬ್ಲೇಡ್ ಮೊಂಡಾದದ್ದರಂತೆಯೇ ವರ್ತಿಸುತ್ತದೆ, ಎಷ್ಟೋ ಜನ ಬಿಸಾಡಿಯೂಬಿಡುತ್ತಾರೆ. ಬಿಚ್ಚಿ, ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ನೆನೆಸಿ, ಹಿತ್ತಾಳೆ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಎಣ್ಣೆ ಬಟ್ಟೆ ಆಡಿಸಿದರೆ ಮತ್ತೆ ಕೊಯ್ಯುತ್ತದೆ. ಚಕ್ರದ ರಬ್ಬರಿಗೆ ಅಂಟಿದ ಪುಡಿಯ ಹೆಪ್ಪು ಉಬ್ಬಿನ ಆಕಾರವನ್ನೇ ಕೆಡಿಸುತ್ತದೆ. ಕೆಳಚಕ್ರಕ್ಕೆ ತಾಗುವಂತೆ ಹಳೆಯ ನೈಲಾನ್ ಬ್ರಷ್ಷೊಂದನ್ನು ಗೂಡಿನೊಳಗೆ ಸ್ಕ್ರೂ ಹಾಕಿ ಕೂರಿಸಿದರೆ ಅದೇ ಉಜ್ಜಿಕೊಳ್ಳುತ್ತದೆ.

ದಿನದ ಕೆಲಸ ಮುಗಿದ ಮೇಲೆ ಟೆನ್ಷನ್ ಸಡಿಲಿಸಿ, ಸ್ವಿಚ್ಚಿನ ಮೇಲೆ "ಸಡಿಲ" ಎಂದು ಬರೆದ ಚೀಟಿ ತೂಗುಹಾಕಿ. ಇಲ್ಲದಿದ್ದರೆ ಮರುದಿನ ಬಂದವರು ಹಾಗೇ ಸ್ವಿಚ್ ಒತ್ತಿ, ಬ್ಲೇಡ್ ಗೈಡಿಗೆ ಬಡಿದು ಮುದುರುತ್ತದೆ. ಬಿಚ್ಚಿಟ್ಟ ಬ್ಲೇಡನ್ನು ಮೂರು ಸುತ್ತಿನ ಬಳೆಯಾಗಿ ಮಡಿಸಿ, ಅಗಲ, ಹಲ್ಲಿನ ಎಣಿಕೆ, ಕೊಯ್ದ ಮರ ಬರೆದ ಪಟ್ಟಿ ಅಂಟಿಸಿ ಗೋಡೆಗೆ ನೇತುಹಾಕಬೇಕು. ಮಡಿಸುವಾಗ ಮಾತ್ರ ಕೈಗವಸು, ಕನ್ನಡಕ ಎರಡೂ ಇರಲಿ.